ಮದುವೆ ಸ್ಟೇಜಿನ ಬಿಳಿ ತುರಾಯಿ: ಪಾಂಪಾಸ್ ಹುಲ್ಲಿನ ಲಾಭ ಯಾರಿಗೆ, ಬಿಲ್ ಯಾರಿಗೆ?

ಇವತ್ತಿನ ಕಥೆಯ ಹೀರೋ ಒಂದು ಹುಲ್ಲು. ವಿಲನ್ನೂ ಅದೇನಾ ಅನ್ನೋದನ್ನ ಕೊನೆಯಲ್ಲಿ ನೀವೇ ತೀರ್ಮಾನ ಮಾಡಿ.

ಹೆಸರು ಗೊತ್ತಿಲ್ಲದಿದ್ದರೂ ಈ ಹುಲ್ಲನ್ನ ನೀವು ನೋಡೇ ಇರ್ತೀರಿ. ಎಂಗೇಜ್‌ಮೆಂಟ್ ಸ್ಟೇಜಿನ ಎರಡೂ ಬದಿಯಲ್ಲಿ, ಕೆಫೆ ಮೂಲೆಯ ಉದ್ದನೆ ಹೂದಾನಿಯಲ್ಲಿ, ಇನ್‌ಸ್ಟಾಗ್ರಾಂ ರೀಲ್‌ಗಳ ಹಿನ್ನೆಲೆಯಲ್ಲಿ ಕೆನೆ ಬಣ್ಣದ, ಹಕ್ಕಿ ಗರಿಯಷ್ಟು ಮೆತ್ತಗಿನ ತುರಾಯಿಗಳು ಇರ್ತಾವಲ್ಲ, ಅದೇ. ಮಂಡ್ಯ, ಬೆಳಗಾವಿ ಕಡೆಯವರಿಗೆ ಸುಲಭವಾಗಿ ಹೇಳ್ಬೇಕು ಅಂದ್ರೆ, ಕಬ್ಬಿಗೆ ಸೂಲಂಗಿ ಬಂದ ಹಾಗೆ. ಆದ್ರೆ ಅದಕ್ಕಿಂತ ದಪ್ಪ, ಅದಕ್ಕಿಂತ ಹತ್ತಿಹತ್ತಿ. ಇದರ ಹೆಸರು ಪಾಂಪಾಸ್ ಹುಲ್ಲು. ಆನ್‌ಲೈನ್‌ನಲ್ಲಿ ಹುಡುಕಿದ್ರೆ ಒಣಗಿಸಿದ ಕಟ್ಟುಗಳು ಪುಟಗಟ್ಟಲೆ ಬರ್ತಾವೆ.

ಈಗ ಇನ್ನೊಂದು ಬದಿ ನೋಡಿ. ನ್ಯೂಜಿಲೆಂಡ್‌ನಲ್ಲಿ ಈ ಗಿಡವನ್ನು ಬೆಳೆಸಿ ಮಾರುವುದು ಕಾನೂನುಬಾಹಿರ. ಸ್ಪೇನ್ 2013ರಲ್ಲೇ ಇದನ್ನು ಆಕ್ರಮಣಕಾರಿ ಸಸ್ಯಗಳ ಪಟ್ಟಿಗೆ ಸೇರಿಸಿತು. ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಜನ ಗುದ್ದಲಿ ಹಿಡಿದು ಇದರ ಬುಡ ಅಗೀತಾ ಇದ್ದಾರೆ.

ನಾನು ಓದಿದ್ದು ಬಿ.ಕಾಂ. ಗಿಡಮರದ ವಿಷಯಕ್ಕೂ ನನಗೂ ದೂರ. ಆದ್ರೆ ಜನ ದುಡ್ಡು ಕೊಟ್ಟು ತಂದ ವಸ್ತುವನ್ನೇ ಮುಂದಿನ ತಲೆಮಾರಿನವರು ದುಡ್ಡು ಕೊಟ್ಟು ಕೀಳಿಸ್ತಾರೆ ಅಂದ್ರೆ, ಅದು ಬರೀ ಸಸ್ಯಶಾಸ್ತ್ರದ ವಿಷಯ ಅಲ್ಲ, ಲೆಕ್ಕಪತ್ರದ ವಿಷಯವೂ ಹೌದು. ಈ ಹುಲ್ಲಿನ ಸುಮಾರು 180 ವರ್ಷದ ಖಾತೆ ಪುಸ್ತಕ ತೆರೆಯೋಣ ಬನ್ನಿ.

ಬ್ಯೂನಸ್ ಐರಿಸ್‌ನಿಂದ ಡಬ್ಲಿನ್‌ಗೆ

ಈ ಹುಲ್ಲಿನ ತವರು ದಕ್ಷಿಣ ಅಮೆರಿಕ. ಅರ್ಜೆಂಟೀನಾ, ಉರುಗ್ವೆ, ದಕ್ಷಿಣ ಬ್ರೆಜಿಲ್‌ನ ಬಯಲುಗಳು. 'ಪಾಂಪಾ' ಅನ್ನೋದು ಅಲ್ಲಿನ ಕೆಚುವಾ ಭಾಷೆಯ ಪದ, ಅರ್ಥ ಬಯಲು. ಸಸ್ಯಶಾಸ್ತ್ರದ ಹೆಸರು ಕೋರ್ಟಡೇರಿಯಾ ಸೆಲ್ಲೋವಾನಾ. ಮೊದಲ ಅರ್ಧ ಬಂದಿದ್ದು ಸ್ಪ್ಯಾನಿಷ್‌ನ 'ಕೊರ್ತಾರ್' ಅನ್ನೋ ಪದದಿಂದ, ಅಂದ್ರೆ ಕತ್ತರಿಸು. ಎಲೆಯ ಅಂಚು ಗರಗಸದ ಹಾಗಿರುತ್ತೆ, ಬರಿಗೈಯಲ್ಲಿ ಎಳೆದ್ರೆ ಬೆರಳು ಸೀಳುತ್ತೆ. ಎರಡನೇ ಅರ್ಧ ಫ್ರೆಡ್ರಿಕ್ ಸೆಲ್ಲೋ ಅನ್ನೋ ಜರ್ಮನ್ ಸಸ್ಯ ಸಂಗ್ರಾಹಕನ ನೆನಪಿಗೆ. ಬ್ರೆಜಿಲ್, ಉರುಗ್ವೆಯಲ್ಲಿ ವರ್ಷಗಟ್ಟಲೆ ಸುತ್ತಿ ಗಿಡ ಸಂಗ್ರಹಿಸಿದ ಆತ 1831ರಲ್ಲಿ ಬ್ರೆಜಿಲ್‌ನ ನದಿಯೊಂದರಲ್ಲಿ ಮುಳುಗಿ ತೀರಿಕೊಂಡ.

ತವರಲ್ಲಿ ಇದು ಯಾರಿಗೂ ತಲೆನೋವಾಗಿರಲಿಲ್ಲ. ಆಳೆತ್ತರ ಮೀರಿ ಬೆಳೆಯುವ ಹುಲ್ಲಿನ ಮೆದೆ, ಅಷ್ಟೇ. ಅದರ ಜೊತೆಗೇ ಬೆಳೆದು ಬಂದ ಬೇರೆ ಗಿಡಗಳು, ಕೀಟಗಳು, ಮೇಯುವ ಪ್ರಾಣಿಗಳು ಅದನ್ನ ಅದರ ಜಾಗದಲ್ಲಿ ಇಟ್ಟಿದ್ದವು.

ಇದನ್ನ ಹಡಗು ಹತ್ತಿಸಿದವರಲ್ಲಿ ಮುಖ್ಯನಾದವನು ಜಾನ್ ಟ್ವೀಡಿ ಅನ್ನೋ ಸ್ಕಾಟ್‌ಲೆಂಡ್‌ನ ತೋಟಗಾರ. 1775ರಲ್ಲಿ ಹುಟ್ಟಿದ ಟ್ವೀಡಿ, ಹೆಚ್ಚಿನವರು ಇನ್ನು ಊರಲ್ಲೇ ನೆಮ್ಮದಿಯಾಗಿ ಇರೋಣ ಅಂದ್ಕೊಳ್ಳೋ 50ರ ವಯಸ್ಸಿನಲ್ಲಿ ಬ್ಯೂನಸ್ ಐರಿಸ್‌ಗೆ ಹೋದ. ಅಲ್ಲಿಂದ ಯುರೋಪಿನ ತೋಟಗಳಿಗೆ ಬೀಜ, ಗಿಡ ಕಳಿಸೋದು ಅವನ ಕೆಲಸ. 1840ರ ಸುಮಾರಿಗೆ ಅವನು ಕಳಿಸಿದ ಪಾಂಪಾಸ್ ಬೀಜ ಐರ್ಲೆಂಡಿನ ಡಬ್ಲಿನ್‌ನಲ್ಲಿರುವ ಗ್ಲಾಸ್‌ನೆವಿನ್ ಸಸ್ಯೋದ್ಯಾನ ತಲುಪಿತು.

ವಿಕ್ಟೋರಿಯಾ ರಾಣಿ ಕಾಲದ ಶ್ರೀಮಂತರಿಗೆ ದೂರದೇಶದ ಗಿಡಗಳ ಹುಚ್ಚು. ಮನೆ ಮುಂದಿನ ಹಸಿರು ಹಾಸಿನ ನಡುವೆ ಬೆಳ್ಳಿ ಬಣ್ಣದ ತುರಾಯಿ ಹೊತ್ತು ನಿಲ್ಲುವ ಈ ಹುಲ್ಲು ಅವರಿಗೆ ಹಿಡಿಸಿಬಿಡ್ತು. ಇಲ್ಲಿಗೆ ನಮ್ಮ ಖಾತೆಯ ಮೊದಲ ಎಂಟ್ರಿ ಬಿತ್ತು. ಜಮಾ ಕಡೆಗೆ.

ತುರಾಯಿಯ ಸುಗ್ಗಿ

ಕಥೆ ಈಗ ಅಮೆರಿಕದ ಪಶ್ಚಿಮ ತೀರಕ್ಕೆ ಹೋಗುತ್ತೆ. 1848ರಲ್ಲಿ, ಅಂದ್ರೆ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ವರ್ಷವೇ, ಸಾಂಟಾ ಬಾರ್ಬರಾದ ನರ್ಸರಿಯವರು ಪಾಂಪಾಸ್ ತರಿಸಿಕೊಂಡರು. 1874ರ ಹೊತ್ತಿಗೆ ವ್ಯಾಪಾರಕ್ಕಾಗಿಯೇ ಇದನ್ನು ಬೆಳೆಯೋದು ಶುರುವಾಯಿತು. ಆ ಭಾಗದ ಗೊಲೀಟಾದಲ್ಲಿ ನರ್ಸರಿ ನಡೆಸ್ತಿದ್ದ ಜೋಸೆಫ್ ಸೆಕ್ಸ್‌ಟನ್ ಈ ವ್ಯಾಪಾರದಲ್ಲಿ ದೊಡ್ಡ ಹೆಸರು.

ಇಲ್ಲಿ ಒಂದು ಸೂಕ್ಷ್ಮ ಇದೆ, ಗಮನ ಇಟ್ಟು ಕೇಳಿ. ಮುಂದೆ ಇಡೀ ಕಥೆ ಇದರ ಮೇಲೇ ನಿಲ್ಲುತ್ತೆ. ಪಾಂಪಾಸ್‌ನಲ್ಲಿ ಎರಡು ಥರದ ಗಿಡ ಇರುತ್ತೆ. ಒಂದು ಪೂರ್ತಿ ಹೆಣ್ಣು. ಇನ್ನೊಂದರಲ್ಲಿ ಗಂಡು, ಹೆಣ್ಣು ಎರಡೂ ಭಾಗ ಇದ್ದರೂ ಮುಖ್ಯವಾಗಿ ಪರಾಗ ಕೊಡುವ ಗಂಡಿನ ಕೆಲಸವನ್ನೇ ಮಾಡುತ್ತೆ. ಚೆಂದ ಕಾಣೋದು ಹೆಣ್ಣು ಗಿಡದ ತುರಾಯಿ. ಅದರಲ್ಲಿ ರೇಷ್ಮೆಯಂಥ ಕೂದಲು ಜಾಸ್ತಿ. ಹಾಗಾಗಿ ಮಾರುಕಟ್ಟೆಗೆ ಬೇಕಾಗಿದ್ದು ಹೆಣ್ಣು ಗಿಡ.

ಬೀಜ ಹಾಕಿದ್ರೆ ಯಾವುದು ಹುಟ್ಟುತ್ತೋ ಗ್ಯಾರಂಟಿ ಇಲ್ಲ. ಅದಕ್ಕೇ ಬೆಳೆಗಾರರು ಒಳ್ಳೆ ಹೆಣ್ಣು ಗಿಡದ ಬುಡವನ್ನೇ ಒಡೆದು, ತುಂಡು ತುಂಡು ಮಾಡಿ ನೆಡ್ತಿದ್ದರು. ನಮ್ಮಲ್ಲಿ ಬಾಳೆಗೆ ಕಂದು ನೆಡ್ತೀವಲ್ಲ, ಹಾಗೇ. ತೋಟದಲ್ಲೆಲ್ಲ ಹೆಣ್ಣೇ ಇದ್ದಾಗ ಪರಾಗ ಎಲ್ಲಿಂದ ಬರಬೇಕು? ಪರಾಗ ಇಲ್ಲ ಅಂದ್ರೆ ಗಟ್ಟಿ ಬೀಜ ಇಲ್ಲ. ಬೀಜ ಇಲ್ಲ ಅಂದ್ರೆ ಬೇಲಿ ದಾಟಿ ಹೋಗೋಕೆ ದಾರಿ ಇಲ್ಲ. ಯಾರೂ ಪರಿಸರ ಕಾಯೋಕೆ ಅಂತ ಇದನ್ನ ಮಾಡಲಿಲ್ಲ, ಮಾಡಿದ್ದು ಕ್ವಾಲಿಟಿಗಾಗಿ. ಆದ್ರೆ ಅದೇ ಈ ಹುಲ್ಲಿಗೆ ಹಾಕಿದ ಮೂಗುದಾರ ಆಗಿತ್ತು.

ತುರಾಯಿ ಪೂರ್ತಿ ಅರಳುವ ಮುಂಚೆ ಕೊಯ್ದು, ಮೇಲಿನ ಹೊದಿಕೆ ಬಿಡಿಸಿ ಬಿಸಿಲಲ್ಲಿ ಹರಡಿದ್ರೆ ಅದು ಹತ್ತಿಯ ಹಾಗೆ ಉಬ್ಬಿಕೊಳ್ಳುತ್ತೆ. ಹಾಗೆ ಒಣಗಿಸಿದ ಕಟ್ಟುಗಳು ಅಮೆರಿಕದ ನಗರಗಳಿಗೆ, ಯುರೋಪಿಗೆ ಹೋದವು. ಬಣ್ಣ ಹಾಕಿದ್ದು ಬೇಕಾ? ಅದೂ ಸಿಗ್ತಿತ್ತು. ಇವತ್ತು ನಾವು ಲೇಟೆಸ್ಟ್ ಟ್ರೆಂಡ್ ಅಂದ್ಕೊಂಡಿರೋ ಈ ಅಲಂಕಾರ ನಮ್ಮ ಮುತ್ತಜ್ಜನ ಮುತ್ತಜ್ಜನ ಕಾಲದ್ದು.

ಈ ಕಾಲದ ಒಬ್ಬರ ಬಗ್ಗೆ ಹೇಳಲೇಬೇಕು, ಹ್ಯಾರಿಯೆಟ್ ಸ್ಟ್ರಾಂಗ್. 1883ರಲ್ಲಿ ಗಂಡ ತೀರಿಕೊಂಡಾಗ ಆಕೆಯ ಕೈಯಲ್ಲಿದ್ದಿದ್ದು ನಾಲ್ಕು ಹೆಣ್ಣುಮಕ್ಕಳು, ಸಾಲ, ಮತ್ತು ಲಾಸ್ ಏಂಜಲೀಸ್ ಹತ್ತಿರದ ವಿಟಿಯರ್ ಕಡೆ ಒಂದಷ್ಟು ಜಮೀನು. ಆಕೆ ವಾಲ್‌ನಟ್ ಮರ ಹಾಕಿಸಿದಳು. ಆದ್ರೆ ವಾಲ್‌ನಟ್ ಫಸಲು ಕೊಡೋಕೆ ವರ್ಷಗಳು ಬೇಕು. ಸಾಲ ಕೊಟ್ಟವರು ಅಲ್ಲಿವರೆಗೂ ಕಾಯ್ತಾರಾ? ಅದಕ್ಕೇ ಬೇಗ ದುಡ್ಡು ಬರೋ ಪಾಂಪಾಸ್ ಬೆಳೆದಳು. ನಮ್ಮ ರೈತರು ತೆಂಗಿನ ಸಸಿ ಮಧ್ಯೆ ತರಕಾರಿ ಹಾಕೋ ಲೆಕ್ಕಾಚಾರ ಇದೆಯಲ್ಲ, ಅದೇ. 1893ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವ ಮೇಳದಲ್ಲಿ ಆಕೆ ಪಾಂಪಾಸ್ ತುರಾಯಿಗಳಿಂದಲೇ ಅಲಂಕರಿಸಿದ ಒಂದು 'ಪಾಂಪಾಸ್ ಅರಮನೆ' ಪ್ರದರ್ಶನಕ್ಕೆ ಇಟ್ಟಳು. ಹೌದು, ಸ್ವಾಮಿ ವಿವೇಕಾನಂದರು ಷಿಕಾಗೋದಲ್ಲಿ ಮಾತಾಡಿದ್ದು ಇದೇ ಮೇಳದ ಭಾಗವಾಗಿದ್ದ ಸಮ್ಮೇಳನದಲ್ಲಿ.

ಹ್ಯಾರಿಯೆಟ್ ಮಾಡಿದ್ದು ತಪ್ಪಾ? ನನ್ನ ಪ್ರಕಾರ ಅಲ್ಲ. ಸಾಲದಲ್ಲಿದ್ದ ಒಬ್ಬ ತಾಯಿ ಬುದ್ಧಿವಂತಿಕೆಯಿಂದ ಬದುಕು ಕಟ್ಟಿಕೊಂಡಳು. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಈ ಕಥೆಯಲ್ಲಿ ಕೆಟ್ಟ ಉದ್ದೇಶ ಇಟ್ಟುಕೊಂಡವರನ್ನ ಹುಡುಕಿದ್ರೆ ಒಬ್ಬರೂ ಸಿಗಲ್ಲ.

ಫ್ಯಾಷನ್ ಹೋಯ್ತು, ಸ್ಟಾಕ್ ಉಳೀತು

ಸುಮಾರು 1900ರ ಹೊತ್ತಿಗೆ ತುರಾಯಿಯ ಫ್ಯಾಷನ್ ಇಳೀತು. ಬೇಡಿಕೆ ಬಿತ್ತು, ಬೆಳೆಗಾರರು ಬೇರೆ ಬೆಳೆಗೆ ಹೋದರು.

ಕಾಮರ್ಸ್ ಓದಿದವರಿಗೆ ಡೆಪ್ರಿಸಿಯೇಷನ್ ಗೊತ್ತು. ಮಷೀನಿನ ಬೆಲೆ ವರ್ಷ ವರ್ಷ ಕಮ್ಮಿಯಾಗಿ ಕೊನೆಗೆ ಗುಜರಿಗೆ ಹೋಗುತ್ತೆ. ಬಟ್ಟೆ ಅಂಗಡಿಯಲ್ಲಿ ಉಳಿದ ಹಳೇ ಸ್ಟಾಕನ್ನ ಡಿಸ್ಕೌಂಟ್‌ಗೆ ಕೊಟ್ಟು ಕೈ ತೊಳ್ಕೋಬಹುದು. ಆದ್ರೆ ಉಳಿದ ಸ್ಟಾಕ್ ತಾನೇ ಮರಿ ಹಾಕೋಕೆ ಶುರು ಮಾಡಿದ್ರೆ? ಗಿಡದ ವ್ಯಾಪಾರದ ಅಪಾಯ ಇದೇ. ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ ಆದ ಮೇಲೂ ನೆಲದಲ್ಲಿ ಅದು ಬೆಳೀತಾನೇ ಇರುತ್ತೆ.

ತುರಾಯಿ ಮಾರುಕಟ್ಟೆ ಸತ್ತರೂ ತೋಟದ ಗಿಡವಾಗಿ ಪಾಂಪಾಸ್‌ಗೆ ಬೇಡಿಕೆ ಇತ್ತು. ಆದ್ರೆ ಈಗ ಹೆಣ್ಣೇ ಬೇಕು ಅನ್ನೋ ಹಠ ಇರಲಿಲ್ಲ. ಬುಡ ಒಡೆದು ನೆಡೋದಕ್ಕಿಂತ ಬೀಜದಿಂದ ಸಸಿ ಮಾಡೋದು ಸುಲಭ. ಬೀಜದ ಸಸಿ ಹೆಚ್ಚಾದ ಹಾಗೆ ಗಂಡು ಗಿಡಗಳೂ ಊರೂರಿನ ತೋಟಗಳಿಗೆ ಬಂದವು. ಅಲ್ಲಿವರೆಗೆ ಬಂಜೆಯಂತಿದ್ದ ಹೆಣ್ಣು ಗಿಡಗಳಿಗೆ ಗಾಳಿಯಲ್ಲಿ ಪರಾಗ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ ಈ ಹುಲ್ಲು ತಡವಾಗಿ ಹರಡಿದ್ದಕ್ಕೆ ಸಸ್ಯವಿಜ್ಞಾನಿಗಳು ಕೊಡುವ ವಿವರಣೆಗಳಲ್ಲಿ ಇದು ಮುಖ್ಯವಾದದ್ದು. ಮೂಗುದಾರ ಕಳಚಿಹೋಯ್ತು.

ಗಟ್ಟಿ ಬೀಜ ಕಟ್ಟುವ ಒಂದು ದೊಡ್ಡ ತುರಾಯಿಯಲ್ಲಿ 1 ಲಕ್ಷದವರೆಗೆ ಬೀಜ ಇರಬಹುದು. ಒಂದು ಗಿಡದಲ್ಲಿ ಅಂಥ ತುರಾಯಿಗಳು ಹತ್ತಾರು. ಬೀಜ ಧೂಳಿನಷ್ಟು ಹಗುರ, ಗಾಳಿ ಜೋರಾಗಿದ್ರೆ ಮೈಲಿಗಟ್ಟಲೆ ಹೋಗುತ್ತೆ. ನೆಲ ಕೆದಕಿದ ಕಡೆ, ಅಂದ್ರೆ ಹೊಸ ರಸ್ತೆಯ ಅಂಚು, ಮರ ಕಡಿದ ಗುಡ್ಡ, ಕಟ್ಟಡದ ಸೈಟು, ಅಲ್ಲೆಲ್ಲ ಬೇರು ಬಿಡುತ್ತೆ.

ಇದಕ್ಕೆ ಸರ್ಕಾರದ ಕೈಯೂ ಸೇರಿತು. 1946ರಲ್ಲಿ ಅಮೆರಿಕದ ಮಣ್ಣು ಸಂರಕ್ಷಣಾ ಇಲಾಖೆ ವೆಂಚುರಾ ಮತ್ತು ಲಾಸ್ ಏಂಜಲೀಸ್ ಕೌಂಟಿಗಳಲ್ಲಿ ಪಾಂಪಾಸ್ ನೆಡಿಸಿತು. ಒಣ ನೆಲದಲ್ಲಿ ದನಕ್ಕೆ ಮೇವಾಗಲಿ, ಮಣ್ಣಿನ ಸವಕಳಿ ನಿಲ್ಲಲಿ ಅನ್ನೋದು ಉದ್ದೇಶ. ದಕ್ಷಿಣ ಆಫ್ರಿಕಾದಲ್ಲಿ ಗಣಿಯ ತ್ಯಾಜ್ಯದ ದಿಬ್ಬಗಳ ಮಣ್ಣು ಹಿಡಿದಿಡೋಕೆ ನೆಟ್ಟರು. ನ್ಯೂಜಿಲೆಂಡ್‌ನಲ್ಲಿ ರೈತರು ಗಾಳಿ ತಡೆಯೋ ಬೇಲಿಯಾಗಿ, ದನದ ಮೇವಾಗಿ ನೆಟ್ಟರು. ಅದು ಹೊಲದ ಬೇಲಿ ದಾಟಿ ಪೈನ್ ನೆಡುತೋಪುಗಳಿಗೆ, ಕಾಡಿನ ಅಂಚಿಗೆ, ಮರಳ ದಿಬ್ಬಗಳಿಗೆ ಹೋಯ್ತು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನೋ ಗಾದೆ ಇಲ್ಲಿ ಅಕ್ಷರಶಃ ನಿಜ ಆಯ್ತು.

ಇದರ ಅಕ್ಕನೋ ತಂಗಿಯೋ ಅನ್ನಬಹುದಾದ ಇನ್ನೊಂದು ಜಾತಿ ಇದೆ, ಕೋರ್ಟಡೇರಿಯಾ ಜುಬಾಟಾ. ಆಂಡಿಸ್ ಪರ್ವತ ಪ್ರದೇಶದ್ದು. ಅದಕ್ಕೆ ಗಂಡಿನ ಹಂಗೇ ಇಲ್ಲ. ಎಲ್ಲಾ ಗಿಡವೂ ಹೆಣ್ಣು, ಪರಾಗ ಇಲ್ಲದೆಯೇ ಮೊಳೆಯುವ ಬೀಜ. ಪ್ರತಿ ಬೀಜವೂ ತಾಯಿಯ ಝೆರಾಕ್ಸ್ ಕಾಪಿ. ಹೊರದೇಶಗಳಲ್ಲಿ ಹರಡಿರುವ ಜುಬಾಟಾ ಗಿಡಗಳ ಡಿಎನ್ಎ ಪರೀಕ್ಷೆ ಮಾಡಿದಾಗ ಅವೆಲ್ಲ ಒಂದೇ ತಳಿಯ ಪ್ರತಿಗಳು ಅಂತ ಗೊತ್ತಾಗಿದೆ. ಒಂದೇ ಒಂದು ಗಿಡದ ವಂಶ ಸಾಕು, ಒಂದು ಕರಾವಳಿ ತುಂಬೋಕೆ.

ಬಿಲ್ ಬಂದಾಗ

ಇನ್ನು ಖರ್ಚಿನ ಕಡೆ ನೋಡೋಣ.

ಪಾಂಪಾಸ್ ಬಂದ ಜಾಗದಲ್ಲಿ ಮೊದಲಿದ್ದ ಸಣ್ಣ ಗಿಡಗಳಿಗೆ ಬೆಳಕು, ನೀರು, ಜಾಗ ಮೂರೂ ಸಿಗಲ್ಲ. ಹಳೇ ಎಲೆಗಳು ಉದುರದೆ ಬುಡದಲ್ಲೇ ಒಣಗಿ ರಾಶಿಯಾಗ್ತವೆ. ಮೊದಲೇ ಕಾಡ್ಗಿಚ್ಚಿಗೆ ನಲುಗುವ ಕ್ಯಾಲಿಫೋರ್ನಿಯಾದಲ್ಲಿ ಅದು ಬೆಂಕಿಗೆ ಒಟ್ಟಿದ ಸೌದೆ ಇದ್ದ ಹಾಗೆ. ಉತ್ತರ ಸ್ಪೇನ್‌ನಲ್ಲಿ ಇನ್ನೊಂದು ತೊಂದರೆ: ಉಳಿದ ಹುಲ್ಲುಗಳ ಪರಾಗ ಮುಗಿದ ಮೇಲೆ, ಬೇಸಿಗೆಯ ಕೊನೆಗೆ ಪಾಂಪಾಸ್ ಹೂ ಬಿಡುತ್ತೆ. ಹುಲ್ಲಿನ ಪರಾಗದ ಅಲರ್ಜಿ ಇರೋರಿಗೆ ಸೀನೋ ಸೀಸನ್ ಇನ್ನೂ ಉದ್ದ ಆಗುತ್ತೆ.

ಕೀಳೋದು ಸುಲಭವಾ? ಮೇಲೆ ಸವರಿದ್ರೆ ಮತ್ತೆ ಚಿಗುರುತ್ತೆ. ಬೀಜ ಉದುರದ ಹಾಗೆ ಮೊದಲು ತುರಾಯಿ ಕತ್ತರಿಸಿ ಚೀಲಕ್ಕೆ ತುಂಬಬೇಕು. ಆಮೇಲೆ ಗರಗಸದಂಥ ಎಲೆ ಸವರಬೇಕು. ಆಮೇಲೆ ಗುದ್ದಲಿ, ಪಿಕಾಸಿ ಹಿಡಿದು ಬುಡದ ಗಡ್ಡೆ ಪೂರ್ತಿ ಎಬ್ಬಿಸಬೇಕು. ಎಬ್ಬಿಸಿದ್ದನ್ನ ಅಲ್ಲೇ ಬಿಟ್ರೆ ಮತ್ತೆ ಬೇರು ಬಿಡಬಹುದು. ಕಡಿದಾದ ಬಂಡೆಗಳ ಮೇಲೆ ಬೆಳೆದಿದ್ರೆ ಹಗ್ಗ ಕಟ್ಟಿಕೊಂಡು ಇಳೀಬೇಕು. ಒಂದು ಸಮಾಧಾನ ಏನಂದ್ರೆ, ಇದರ ಬೀಜ ಮಣ್ಣಲ್ಲಿ ಬಹಳ ಕಾಲ ಜೀವ ಹಿಡಿದಿರಲ್ಲ. ಬಿಡದೆ ಕಿತ್ತರೆ ಗೆಲ್ಲಬಹುದು.

ನ್ಯೂಜಿಲೆಂಡ್‌ನಲ್ಲಿ ಆದ ನಷ್ಟ ಇನ್ನೊಂದು ಥರ. ಅಲ್ಲಿ ಪಾಂಪಾಸ್‌ನಂತೆಯೇ ಕಾಣುವ, ಅಲ್ಲಿಯದೇ ಆದ ಹುಲ್ಲುಗಳಿವೆ, ಹೆಸರು ಟೋಯ್‌ಟೋಯ್. ಮಾವೊರಿ ಜನ ಅದರ ದಂಟನ್ನು ಮನೆಯ ಗೋಡೆಗೆ, ಸಭಾಭವನದ ನೇಯ್ಗೆ ಚಿತ್ತಾರಕ್ಕೆ ಬಳಸ್ತಾ ಬಂದವರು. ಈಗ ಪಾಂಪಾಸ್ ಕೀಳೋಕೆ ಹೋದವರು ಗುರುತು ಸಿಗದೆ ಟೋಯ್‌ಟೋಯ್ ಅನ್ನೂ ಕಿತ್ತುಬಿಡೋ ಅಪಾಯ ಇದೆ. ಅದಕ್ಕೇ ಅಲ್ಲಿ ಹೇಳಿಕೊಡ್ತಾರೆ: ಒಣ ಎಲೆ ಬುಡದಲ್ಲಿ ಬಡಗಿಯ ಹತ್ರಿ ಹೊಟ್ಟಿನ ಹಾಗೆ ಸುರುಳಿ ಸುತ್ತಿಕೊಂಡಿದ್ರೆ ಅದು ಪಾಂಪಾಸ್. ಅತಿಥಿಯಾಗಿ ಬಂದವನಿಂದ ಮನೆಯವನೇ ತನ್ನ ಗುರುತಿನ ಚೀಟಿ ತೋರಿಸಬೇಕಾದ ಸ್ಥಿತಿ.

ಈಗ ಎರಡೂ ಕಾಲಂ ಪಕ್ಕಪಕ್ಕ ಇಡಿ. ಲಾಭ ತಗೊಂಡವರು 19ನೇ ಶತಮಾನದ ನರ್ಸರಿಗಳು, ತುರಾಯಿ ವ್ಯಾಪಾರಿಗಳು, ತೋಟ ಚೆಂದ ಮಾಡಿಕೊಂಡ ಮನೆ ಮಾಲೀಕರು. ಬಿಲ್ ಕಟ್ತಿರೋರು 21ನೇ ಶತಮಾನದ ತೆರಿಗೆದಾರರು, ಸ್ವಯಂಸೇವಕರು, ಮತ್ತೆ ಬಾಯಿ ಇಲ್ಲದ ಗಿಡಗಳು. ಅರ್ಥಶಾಸ್ತ್ರದಲ್ಲಿ ಇದಕ್ಕೆ ಎಕ್ಸ್‌ಟರ್ನಾಲಿಟಿ ಅಂತಾರೆ, ಅಂದ್ರೆ ವ್ಯಾಪಾರ ಮಾಡಿದವರ ಲೆಕ್ಕಕ್ಕೆ ಬರದೆ ಮೂರನೆಯವರ ತಲೆ ಮೇಲೆ ಬೀಳೋ ಖರ್ಚು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ದುಡ್ಡು ಯಾರದೋ ಅವರು ಆಗಿನ್ನೂ ಹುಟ್ಟೇ ಇರಲಿಲ್ಲ.

ನಮಗೆ ಈ ಕಥೆ ಹೊಸದಾ?

ಕ್ಯಾಲಿಫೋರ್ನಿಯಾ, ನ್ಯೂಜಿಲೆಂಡ್ ನಮಗೆ ದೂರ ಅನ್ನಿಸಬಹುದು. ಆದ್ರೆ ಬಂಡೀಪುರದ ರಸ್ತೆಯಲ್ಲಿ ಹೋಗುವಾಗ ಕಿಟಕಿಯಾಚೆ ನೋಡಿ. ಎರಡೂ ಬದಿ ಪೊದೆ ಪೊದೆಯಾಗಿ, ಬಣ್ಣ ಬಣ್ಣದ ಪುಟ್ಟ ಹೂಗಳಿರುವ ಲಂಟಾನ ಕಾಣುತ್ತೆ. ಅದೂ ಅಮೆರಿಕ ಖಂಡದ ಗಿಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರ ಕಾಲದಲ್ಲಿ ಅಲಂಕಾರಕ್ಕೆ ಅಂತಲೇ ಭಾರತಕ್ಕೆ ಬಂತು. ಕಾಂಗ್ರೆಸ್ ಗಿಡದ ಹಾಗೆ ಧಾನ್ಯದ ಜೊತೆ ಕದ್ದು ಬಂದದ್ದಲ್ಲ. ನಾವು ಕರೆದು, ಕುಂಡ ಕೊಟ್ಟು ಕೂರಿಸಿದ್ದು.

ಇದರ ಬಿಲ್ ಯಾರಿಗೆ ಹೋಯ್ತು? ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನ ಕೇಳಿದ್ರೆ ಗೊತ್ತಾಗುತ್ತೆ. ಅವರು ಹಿಂದೆ 'ತರಗು ಬೆಂಕಿ' ಅಂತ ಒಣ ಎಲೆಗಳಿಗೆ ಹದವಾಗಿ ಸಣ್ಣ ಬೆಂಕಿ ಹಾಕ್ತಿದ್ದರು. ಅದನ್ನ ನಿಷೇಧಿಸಿದ ಮೇಲೆ ಲಂಟಾನಕ್ಕೆ ತಡೆಯೇ ಇಲ್ಲವಾಯ್ತು, ಕಾಡಲ್ಲಿ ನಡೆಯೋಕೂ ಜಾಗ ಇಲ್ಲದ ಹಾಗಾಯ್ತು ಅನ್ನೋದು ಅವರ ಮಾತು. ಮಲೆ ಮಹದೇಶ್ವರ ಬೆಟ್ಟದ ಸುತ್ತಿನ ಜನ ಅದೇ ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಮಾಡಿ ಮಾರೋದನ್ನ ಕಲಿತಿದ್ದಾರೆ. ಮೆಚ್ಚಬೇಕಾದ ವಿಷಯ. ಆದ್ರೆ ಮರೀಬೇಡಿ, ಅವರು ಕಟ್ತಿರೋದು ಬೇರೆಯವರು ಮಾಡಿದ ಸಾಲದ ಕಂತು.

ಹಾಗಾದ್ರೆ ಸ್ಟೇಜಿಗೆ ಒಣ ಪಾಂಪಾಸ್ ಇಡೋದೇ ತಪ್ಪಾ? ನಾನು ಹಾಗೆ ಹೇಳಲ್ಲ. ಹೂದಾನಿಯ ಒಣ ತುರಾಯಿ ಬೇರೆ, ನೆಲದಲ್ಲಿ ಬೇರು ಬಿಟ್ಟ ಗಿಡ ಬೇರೆ. ಇಷ್ಟು ಮಾಡಿದ್ರೆ ಸಾಕು. ಒಣ ತುರಾಯಿ ಹಳೇದಾದಾಗ ರಸ್ತೆ ಬದಿಗೋ, ಕೆರೆ ಅಂಚಿಗೋ, ಗೊಬ್ಬರದ ಗುಂಡಿಗೋ ಎಸೀಬೇಡಿ. ಚೀಲದಲ್ಲಿ ಕಟ್ಟಿ ಕಸಕ್ಕೆ ಕೊಡಿ. ರೆಸಾರ್ಟ್‌ಗೋ, ಫಾರ್ಮ್‌ಹೌಸ್‌ಗೋ ಗಿಡವನ್ನೇ ತರಿಸೋಣ ಅಂತ ಯಾರಾದ್ರೂ ಅಂದ್ರೆ, ಅದರಲ್ಲೂ ಕಾಡಿನ ಪಕ್ಕದಲ್ಲಿ, ಈ ಕಥೆ ಅವರಿಗೆ ಫಾರ್ವರ್ಡ್ ಮಾಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ಹೊರಗಿನ ಆಕ್ರಮಣಕಾರಿ ಜೀವಿಗಳ ಆಮದು, ವ್ಯಾಪಾರ ನಿಯಂತ್ರಿಸುವ ಅಧಿಕಾರವನ್ನ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕಾನೂನು ಇದೆ. ಆದ್ರೆ ಕಾನೂನು ಎಚ್ಚರಾಗೋದು ಗಿಡ ಹರಡಿದ ಮೇಲೆ, ಆರ್ಡರ್ ಕೊಡೋದು ನಾವು ಅದಕ್ಕೂ ಮುಂಚೆ.

ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಹೇಳಿಬಿಡ್ತೀನಿ. ಹುಲ್ಲು ವಿಲನ್ ಅಲ್ಲ. ತನ್ನ ಬಯಲಲ್ಲಿ ಅದು ಮರ್ಯಾದೆಯಾಗೇ ಇತ್ತು. ಟ್ವೀಡಿ, ಸೆಕ್ಸ್‌ಟನ್, ಹ್ಯಾರಿಯೆಟ್ ಯಾರೂ ವಿಲನ್ ಅಲ್ಲ. ತೊಂದರೆ ಇದ್ದಿದ್ದು ಬೆಲೆಪಟ್ಟಿಯಲ್ಲಿ. ಕೊಳ್ಳೋವಾಗ ಕೀಳೋ ಖರ್ಚನ್ನ ಯಾರೂ ಅದರಲ್ಲಿ ಬರೆದಿರಲಿಲ್ಲ. ಮುಂದಿನ ಸಲ ನರ್ಸರಿಯಲ್ಲಿ ಹೊಸ ಗಿಡ ನೋಡಿ ಆಸೆ ಆದ್ರೆ, 'ಎಷ್ಟು ರೂಪಾಯಿ?' ಅಂತ ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: 'ಇದು ಬೇಡ ಅನ್ನಿಸಿದ ದಿನ ಹೋಗು ಅಂದ್ರೆ ಹೋಗುತ್ತಾ?'

ನಿಮ್ಮೂರಲ್ಲಿ ಚೆಂದಕ್ಕೆ ಅಂತ ತಂದು ಆಮೇಲೆ ಹಿಡಿತಕ್ಕೆ ಸಿಗದೆ ಹೋದ ಗಿಡ ಯಾವುದಾದ್ರೂ ಇದ್ರೆ, ಅದಕ್ಕೆ ನಿಮ್ಮ ಕಡೆ ಏನಂತ ಕರೀತಾರೆ ಅಂತ ನನಗೆ ಬರೆದು ಕಳಿಸಿ.